ಗಾಲಿಯಮ್ಮ ಮತ್ತು ಮಸುಕಪ್ಪ

ಅನಿಮೇಷನ್ ಚಿತ್ರವೊಂದರಲ್ಲಿ ಕೆಂದನೆಂಬ ಎತ್ತು ಗಾಡಿ ಎಳೆದೆಳೆದು ಬಸವಳಿದಿತ್ತು. ಅದು ಮುಂದೆ ನಡೆದರೂ, ಒಂದೊಂದು ಕಡ್ಡಿಯೂ ಎದ್ದು ಕಾಣುವಂತೆ ಬಿಡಿಸಿದ್ದ ಗಾಲಿ ತೆರೆಯ ಮೇಲೆ ಹಿಂದಕ್ಕೆ ತಿರುಗಿದಂತೆ ಕಾಣುತ್ತಿತ್ತು. ದೃಶ್ಯವನ್ನೇ ಕತ್ತರಿಸುವ ಮೊದಲು ಸ್ಟುಡಿಯೊದವರು, ಓಡುವ ವಸ್ತುವಿನ ಗೆರೆಗಳನ್ನು ಮಸುಕಾಗಿಸುವ ಮೋಷನ್ ಬ್ಲರ್ ಎಂಬ ಮಸುಕಪ್ಪನನ್ನು ಕರೆಸಿದರು.

"ಗಾಲಿಯಮ್ಮ, ಕಡ್ಡಿಗಳನ್ನು ತಿರುಗುವ ದಿಕ್ಕಿಗೆ ತುಸು ಸವರಲೇ?" ಎಂದ ಮಸುಕಪ್ಪ.

"ಇಷ್ಟು ಅಂದದ ಕಡ್ಡಿಗಳನ್ನೇ? ನಾಚಿಕೆಯಾಗಬೇಕು ನಿನಗೆ!"

ಕೆಂದ ಮಂಡಿಯೂರಿತು. "ಹಾಗಾದರೆ ನನ್ನ ನೊಗ ಇಳಿಸಿಬಿಡು ತಾಯಿ. ನಿನ್ನ ಅಂದಕ್ಕೆ ನಾನು ಎಳೆದದ್ದೆಲ್ಲ ಹಿಂದಕ್ಕೇ ಹೋಗುತ್ತಿದೆ."

ಗಾಲಿ ತನ್ನ ಕಡ್ಡಿಗಳನ್ನು ಕೊನೆಯ ಸಲ ನೋಡಿಕೊಂಡು, "ಸವರಪ್ಪ" ಎಂದಿತು.

ಚಿತ್ರ ನೋಡಿದ ಯಾರೂ ಕಡ್ಡಿಗಳನ್ನು ಹೊಗಳಲಿಲ್ಲ. ಮುಂದಿನ ಸಾಲಿನ ಮಗುವೊಂದು ಮಾತ್ರ, ಗಾಡಿ ಬಂತೆಂದು ಕಾಲು ಮೇಲೆಳೆದುಕೊಂಡಿತು.