ಕೋಳಿಗಳಿಗೆ ಹೊರಟ ಅಪ್ಪಣೆ

ಕಾರೆಗುಡ್ಡದ ಪಾಳೇಗಾರ ಹಿರಿಯಣ್ಣನಾಯಕನಿಗೆ ಒಂದೇ ಒಂದು ಜಂಬ. ತನ್ನ ಅಪ್ಪಣೆ ಮೀರುವ ಜೀವ ಆ ಕೋಟೆಯೊಳಗೆ ಇನ್ನೂ ಹುಟ್ಟಿಲ್ಲ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಆಸ್ಥಾನದ ಚೆಲುವಯ್ಯ ನಾಲ್ಕು ಸಲವೂ ತಲೆಯಾಡಿಸುತ್ತಿದ್ದ. ತಲೆಯಾಡಿಸುವುದಕ್ಕೇ ಅವನಿಗೆ ಸಂಬಳ.

ಆ ಜಂಬ ಇಳಿದದ್ದು ಒಂದು ಹ್ಯಾಟೆಯಿಂದ. ಇನ್ನೂ ಮೊಟ್ಟೆ ಇಡದ ಎಳೇ ಕೋಳಿ. ಚಿಕ್ಕರಾಣಿಯ ತವರಿನಿಂದ ಪಲ್ಲಕ್ಕಿಯಲ್ಲಿ ಬಂದಿತ್ತು, ಕಾಲಿಗೆ ಬೆಳ್ಳಿ ಗೆಜ್ಜೆ ಬೇರೆ. ಅರಮನೆಯ ಹಿತ್ತಿಲಲ್ಲಿ ಮೊದಲೇ ಐದು ಕೋಳಿಗಳಿದ್ದವು. ಅವುಗಳನ್ನು ಮರಿಯಿಂದ ಸಾಕಿದ ದುರುಗವ್ವ, ಹ್ಯಾಟೆಯನ್ನು ಎಂಟು ದಿನ ಅಂಗಳದ ನಡುವೆ ಮಂಕರಿ ಕವುಚಿ ಇಡುತ್ತೇನೆ, ಒಂದನ್ನೊಂದು ನೋಡಿ ನೋಡಿ ಒಗ್ಗಿಕೊಳ್ಳಲಿ ಎಂದು ಕೇಳಿಕೊಂಡಳು. ದೊರೆಗೆ ಸಿಟ್ಟು ಬಂತು. ಮಾವನ ಮನೆಯ ಉಡುಗೊರೆಯನ್ನು ಕಳ್ಳನ ಹಾಗೆ ಬುಟ್ಟಿಯಡಿ ಹಾಕುವುದೇ ಎಂದು, ತಾನೇ ಎತ್ತಿಕೊಂಡು ಹೋಗಿ ಐದರ ತಟ್ಟೆಯ ಮುಂದೆ ಬಿಟ್ಟ.

ಐದರಲ್ಲಿ ಹಿರಿಯಳು ದೊಡ್ಡಕ್ಕ. ತಟ್ಟೆಗೆ ಅವಳು ಬಾಯಿ ಹಾಕದೆ ಉಳಿದವು ಹಾಕುವಂತಿಲ್ಲ. ಅಂಥವಳ ಮುಂದೆ ನಿನ್ನೆ ಮೊನ್ನೆ ಹುಟ್ಟಿದವಳು ಗೆಜ್ಜೆ ಕುಣಿಸುತ್ತಾ ಜೋಳಕ್ಕೆ ಕೊಕ್ಕು ಹಾಕಿದರೆ? ಕ್ಷಣದಲ್ಲಿ ಹ್ಯಾಟೆಯ ಜುಟ್ಟು ರಕ್ತವಾಯಿತು, ಚಿಕ್ಕರಾಣಿಯ ಕಣ್ಣು ಕೆಂಪಾಯಿತು. ಅವಳು ಅದನ್ನು ಎತ್ತಿಕೊಂಡು ಅರಮನೆಯೊಳಗೆ ಹೋದಳು.

ದೊರೆ ಅಪ್ಪಣೆ ಹೊರಡಿಸಿದ. ನಾಳೆ ಮಧ್ಯಾಹ್ನದೊಳಗೆ ಆರೂ ಕೋಳಿಗಳು ಒಂದೇ ತಟ್ಟೆಯಲ್ಲಿ ತಿನ್ನಬೇಕು. ಇಲ್ಲವಾದರೆ ಐದೂ ಸಾರಿಗೆ, ದುರುಗವ್ವ ಕೋಟೆಯಿಂದ ಹೊರಗೆ.

ದುರುಗವ್ವ ಚೆಲುವಯ್ಯನ ಮನೆ ಬಾಗಿಲಲ್ಲಿ ಕೂತು ಅತ್ತಳು. ಅವಳಿಗೆ ಆ ಐದು ಬಿಟ್ಟರೆ ಯಾರೂ ಇರಲಿಲ್ಲ. ಚೆಲುವಯ್ಯ ಅವಳ ಪಕ್ಕ ಕೂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಏನೋ ಹೊಳೆದು, ನಗು ತಡೆಯಲಾರದೆ ಬಾಯಿಗೆ ಪಂಚೆಯ ಚುಂಗು ತುರುಕಿಕೊಂಡ.

ಬೆಳಗ್ಗೆ ಆಸ್ಥಾನದಲ್ಲಿ ಕೈಮುಗಿದು ನಿಂತ.

"ಪ್ರಭು, ಕೋಳಿಗಳ ತಪ್ಪೇನೂ ಇಲ್ಲ. ಅಪ್ಪಣೆ ಅವಕ್ಕೆ ಇನ್ನೂ ತಲುಪೇ ಇಲ್ಲ. ಯಾರಿಗೆ ಅಪ್ಪಣೆಯೋ ಅವರೆದುರು ಮೂರು ಸಲ ಸಾರಬೇಕು ಅನ್ನೋದು ನಿಮ್ಮ ತಾತನವರ ಕಟ್ಟಳೆ."

"ಹಾಗಾದರೆ ನೀನೇ ಹೋಗಿ ಸಾರು."

"ನಾನು ಸಾರಿದರೆ ಅದು ಚೆಲುವಯ್ಯನ ಮಾತಾಗುತ್ತೆ. ಮೀರದೇ ಇರೋದು ತಮ್ಮ ಮಾತು ತಾನೆ?"

ಇಡೀ ಆಸ್ಥಾನ ಕೇಳಿಸಿಕೊಂಡಿತ್ತು. ಹಿಂದೆಗೆಯುವ ಹಾಗಿರಲಿಲ್ಲ. ದೊರೆ ಕೆಂಪು ಕುಚ್ಚಿನ ಪೇಟ ಸುತ್ತಿ, ಮುತ್ತು ಪೋಣಿಸಿದ ಜೋಡು ಮೆಟ್ಟಿ ಹಿತ್ತಿಲಿಗೆ ಹೊರಟ. ಆ ಮುತ್ತುಗಳು ಒಂದೊಂದೂ ಜೋಳದ ಕಾಳಿನಷ್ಟಿದ್ದವು. ಚೆಲುವಯ್ಯ ಅದನ್ನು ನೋಡಿದ, ಆದರೆ ಹೇಳಲಿಲ್ಲ. ಕೇಳುವವರು ಓಡಿಹೋಗಬಾರದೆಂದು ತಡಿಕೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಮಾತ್ರ ಹಾಕಿದ.

ದೊರೆ ಗಂಟಲು ಸರಿಮಾಡಿಕೊಂಡ. "ಕೋಳಿಗಳಿರಾ, ಕಾರೆಗುಡ್ಡದ ಒಡೆಯನಾದ ನಾನು..."

ಅಷ್ಟರಲ್ಲೇ ದೊಡ್ಡಕ್ಕ ಎಡಗಾಲಿನ ಮುತ್ತಿಗೆ ಕುಕ್ಕಿದಳು. ಉಳಿದ ನಾಲ್ಕು ಬಲಗಾಲು ಹಂಚಿಕೊಂಡವು. ದೊರೆ ಕುಣಿದ ಕುಣಿತಕ್ಕೆ ಪೇಟ ಉರುಳಿತು, ಕೆಂಪು ಕುಚ್ಚು ಕಂಡದ್ದೇ ತಡ ಅದರ ಮೇಲೂ ಬಿದ್ದವು. ಒಡೆಯ ಬಾಗಿಲಿಗೆ ಓಡಿದ, ಅಗುಳಿ. ಬೇಲಿಗೆ ಓಡಿದ, ಮುಳ್ಳು. ಕೊನೆಗೆ ಕಣ್ಣಿಗೆ ಬಿದ್ದದ್ದು ಅಂಗಳದ ನಡುವೆ ದುರುಗವ್ವ ಹ್ಯಾಟೆಗೆಂದು ತಂದಿಟ್ಟಿದ್ದ ದೊಡ್ಡ ಮಂಕರಿ. ದೊರೆ ಗಿಡ್ಡ ಆಳು. ಮುದುರಿ ಕೂತು ಮೇಲೆ ಕವುಚಿಕೊಂಡ.

ಕೋಳಿಗಳು ಮಂಕರಿಯ ಸುತ್ತ ಎರಡು ಸುತ್ತು ಬಂದವು. ಕತ್ತು ಓರೆ ಮಾಡಿ ಸಂದಿಯಲ್ಲಿ ಇಣುಕಿದವು. ಆಮೇಲೆ ಮಣ್ಣು ಕೆದರುತ್ತಾ ತಮ್ಮ ಪಾಡಿಗೆ ತಾವು ಸುಮ್ಮನಾದವು.

"ಚೆಲುವಯ್ಯ, ಹೋದವಾ?" ಮಂಕರಿ ಮೆಲ್ಲಗೆ ಕೇಳಿತು.

"ಇಲ್ಲ ಪ್ರಭು. ತಮ್ಮನ್ನು ನೋಡ್ತಾ ಇವೆ."

"ನಾನು ಯಾವಾಗ ಹೊರಗೆ ಬರೋದು?"

"ಅದನ್ನು ದುರುಗವ್ವ ಹೇಳಬೇಕು. ಹ್ಯಾಟೆಗೆ ಎಂಟು ದಿನ ಕೇಳಿದ್ದಳು. ತಾವು ದೊಡ್ಡವರು, ಹದಿನೈದು ದಿನವಾದರೂ ಬೇಕಾದೀತು."

ಹೇಳಿದ್ದು ಅತಿಯಾಯಿತೇನೋ ಎಂದು ಚೆಲುವಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಮಂಕರಿ ಅಲುಗತೊಡಗಿತು. ದೊರೆ ನಗುತ್ತಿದ್ದ, ಹೊಟ್ಟೆ ಹಿಡಿದುಕೊಳ್ಳಲು ಒಳಗೆ ಜಾಗವಿಲ್ಲದೆ ಒದ್ದಾಡುತ್ತಿದ್ದ.

ದುರುಗವ್ವ ಉಳಿದಳು, ಐದೂ ಉಳಿದವು. ಹ್ಯಾಟೆ ಗೆಜ್ಜೆ ಬಿಚ್ಚಿಟ್ಟು ಮಂಕರಿಯಡಿ ಕೂತಿತು. ಮುತ್ತಿನ ಜೋಡನ್ನು ದೊರೆ ಚೆಲುವಯ್ಯನಿಗೆ ಬಹುಮಾನ ಕೊಡಹೋದಾಗ, ತನಗೂ ಆ ಹಿತ್ತಿಲಲ್ಲಿ ಓಡಾಡುವುದಿದೆ, ಬೇಡ ಎಂದು ಅವನು ಕೈಮುಗಿದ.

ಒಂಬತ್ತನೆಯ ದಿನ ಆರೂ ಒಂದೇ ತಟ್ಟೆಯಲ್ಲಿ ತಿಂದವು, ದೊಡ್ಡಕ್ಕ ಮೊದಲು, ಹ್ಯಾಟೆ ಕೊನೆಗೆ. ಸುದ್ದಿ ಕೇಳಿ ದೊರೆ ಬರಿಗಾಲಲ್ಲಿ, ಬರಿತಲೆಯಲ್ಲಿ ಬಂದು ತಡಿಕೆಯ ಹೊರಗೇ ನಿಂತ.

"ದುರುಗವ್ವ, ಒಳಗೆ ಬರಲಾ?"

"ಬನ್ನಿ ಬುದ್ಧಿ," ಎಂದಳು ದುರುಗವ್ವ, "ಮಂಕರಿ ಇವತ್ತು ಖಾಲಿ ಐತೆ."