ಕಂಪ್ಯೂಟರಿಗೆ ಕಟ್ಟಿದ ಸರಪಳಿ

ಊರ ಗ್ರಂಥಾಲಯದ ಕಂಪ್ಯೂಟರನ್ನು ಸರಪಳಿಯಿಂದ ಕಿಟಕಿಯ ಸರಳಿಗೆ ಬಿಗಿದು ಬೀಗ ಹಾಕಿದ್ದರು. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ, ಚೆಂಡುಹೂವು ಎಲ್ಲ ಸಿಕ್ಕಿತು. ಸರಪಳಿಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಕಂಪ್ಯೂಟರು ಬೀಗುತ್ತ ಹೇಳಿತು: "ಪಾಸ್‌ವರ್ಡ್ ಇಲ್ಲದೆ ಬ್ರಹ್ಮನೂ ನನ್ನನ್ನು ತೆರೆಯಲಾರ. ಎಮ್ಮೆ ಕಟ್ಟುವ ನಿನಗೆ ಇಲ್ಲೇನೇ ಕೆಲಸ?"

ಸರಪಳಿಗೆ ಚುರುಕ್ಕೆಂದಿತು. ಆದರೂ ಹಿಡಿತ ಸಡಿಲಿಸದೆ, "ಕಳ್ಳ ನಿನ್ನನ್ನು ಓದುವುದಕ್ಕೆ ಬರುವುದಿಲ್ಲ ಕಣಪ್ಪ, ಹೊತ್ತುಕೊಂಡು ಹೋಗುವುದಕ್ಕೆ ಬರುತ್ತಾನೆ," ಎಂದಿತು.

ಎಲ್ಲರೂ ಬೂದುಗುಂಬಳ ಒಡೆಯಲು ಅಂಗಳಕ್ಕಿಳಿದರು. ಅಷ್ಟರಲ್ಲಿ ರಿಪೇರಿಯವನ ಸೋಗಿನಲ್ಲಿ ಕಳ್ಳನೊಬ್ಬ ಒಳಬಂದು, ಕಂಪ್ಯೂಟರನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಪಾಸ್‌ವರ್ಡ್! ಮೊದಲು ಪಾಸ್‌ವರ್ಡ್ ಹೇಳು!" ಎಂದು ಕಂಪ್ಯೂಟರು ಕಿರುಚಿತು. ಕಳ್ಳ ಬಾಗಿಲತ್ತ ಓಡಿದ.

ಎರಡೇ ಹೆಜ್ಜೆ! ಸರಪಳಿ ಮೈಯೆಲ್ಲ ಬಿಗಿಮಾಡಿ ಎಳೆದು ನಿಂತಿತು. ಕಿಟಕಿ ಧಡಧಡ ಅದುರಿತು. ಕಳ್ಳ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡೇ ದೊಪ್ಪನೆ ಕುಳಿತ. ಸದ್ದಿಗೆ ಓಡಿಬಂದ ಜನ ಅವನ ಕೊರಳಪಟ್ಟಿ ಹಿಡಿದರು.

ಕಂಪ್ಯೂಟರು ಮೆಲ್ಲಗೆ ಕೇಳಿತು: "ಅಕ್ಕಾ, ಇನ್ನೊಂದು ಸುತ್ತು ಬಿಗಿಯುತ್ತೀಯಾ?"