ಇಸಿದೋರನ ಊರು ಯಾವುದು?

ನದಿ ಕಡಲು ಸೇರುವಲ್ಲಿ ಒಂದು ಆಶ್ರಮ. ಅಲ್ಲಿ ಅಪ್ರಮೇಯನೆಂಬ ಶಿಷ್ಯ. ಅನುಮಾನಪಡುವುದರಲ್ಲಿ ಅವನನ್ನು ಮೀರಿಸುವವರು ಮೂರು ಲೋಕದಲ್ಲೂ ಇರಲಿಲ್ಲ. ಕನ್ನಡಿ ನೋಡಿಕೊಂಡರೂ "ಯಾರಯ್ಯ ನೀನು, ಯಾವೂರು?" ಎಂದು ಗದರಿಸುವ ಆಸಾಮಿ.

ಹಡಗು ಒಡೆದು ದಡಕ್ಕೆ ಬಿದ್ದಿದ್ದ ಇಸಿದೋರನೆಂಬ ಗ್ರೀಕ್ ನಾವಿಕ ಮೂರು ತಿಂಗಳಿಂದ ಅಲ್ಲೇ ಇದ್ದ. ಆ ಬೆಳಿಗ್ಗೆ ಪಡುವಣಕ್ಕೆ ಹೊರಟಿದ್ದ ತುರ್ಕಿ ಹಡಗೊಂದು ಅವನನ್ನು ಹತ್ತಿಸಿಕೊಳ್ಳಲು ಒಪ್ಪಿತ್ತು. ಆದರೆ ಇವನು ಇಂಥವನು ಎಂದು ಆಶ್ರಮ ಓಲೆ ಬರೆದುಕೊಡಬೇಕು. ಈ ಹಡಗು ತಪ್ಪಿದರೆ ಮಳೆಗಾಲ ಕಳೆಯುವ ತನಕ ಇನ್ನೊಂದಿಲ್ಲ.

ಓಲೆ ಬರೆಯುವವನು ಅಪ್ರಮೇಯ.

"ಬರೆಯುವುದಿಲ್ಲ, ಗುರುಗಳೇ. ಇವನು ಸುಳ್ಳ."

"ಏನು ಸುಳ್ಳು ಹೇಳಿದ?"

"ನಮಗೆ ತನ್ನ ದ್ವೀಪ ಹಿಯೋಸ್ ಅಂದ. ಇಟಲಿಯ ವರ್ತಕನಿಗೆ ಶಿಯೋ ಅಂದ. ತುರ್ಕಿ ಕಪ್ತಾನನಿಗೆ ಸಕೀಝ್ ಅಂದ. ಹಾಗಂದರೆ ಮರದ ಅಂಟಂತೆ! ಅಂಟು ಅಂತ ಯಾರಾದರೂ ಊರಿಗೆ ಹೆಸರಿಡುತ್ತಾರೆಯೇ?"

"ಅಷ್ಟೇನಾ?"

"ಜ್ವರದಲ್ಲಿ 'ಅವಳು ಕಾಯುತ್ತಿದ್ದಾಳೆ' ಅಂತ ಕನವರಿಸಿದ. ಯಾರಯ್ಯ ಅವಳು ಅಂದರೆ, ದ್ವೀಪವೇ ಅಂತೆ! ಅವರ ವ್ಯಾಕರಣದಲ್ಲಿ ಅದು ಹೆಣ್ಣಂತೆ. ಯಾರ ಕಿವಿಗೆ ಹೂ ಇಡುತ್ತಾನೆ?"

ಗುರುಗಳು ಗಡ್ಡ ನೀವಿಕೊಂಡರು.

"ಇನ್ನೂ ಇದೆ. ದಿನಾ ಬೆಳಿಗ್ಗೆ ಆ ಗೇರುಮರದ ಬುಡ ಗುಡಿಸಿ ಬಿಳಿ ಮಣ್ಣು ಹರಡುತ್ತಾನೆ. ಏನೋ ಹೂತಿದ್ದಾನೆ ಅಂತ ನಿನ್ನೆ ಅಗೆದೆ."

"ಏನು ಸಿಕ್ಕಿತು?"

"ಪಾತಾಳದವರು ಎದ್ದು ಬಂದು ಬೈಯುವಷ್ಟು ಅಗೆದೆ, ಗುರುಗಳೇ. ಬರೀ ಮಣ್ಣು. ಅಲ್ಲೇ ಇರುವುದು ಗುಟ್ಟು!"

ಗುರುಗಳು ಇಸಿದೋರನನ್ನು ಕರೆದರು. "ಆ ಮರದ ಕೆಳಗೆ ಏನಪ್ಪ ಮಾಡ್ತೀಯ?"

"ಊರಲ್ಲಿ ಅಮ್ಮ ಮಾಡುತ್ತಿದ್ದದ್ದು, ಸ್ವಾಮಿ. ತೊಗಟೆ ಗೀರಿದರೆ ನಮ್ಮ ಮರ ಅಂಟಿನ ಕಣ್ಣೀರು ಸುರಿಸುತ್ತದೆ. ಅದು ಕೊಳೆಯಲ್ಲಿ ಬೀಳಬಾರದು ಅಂತ ನೆಲ ಗುಡಿಸಿ ಬಿಳಿ ಮಣ್ಣು ಹಾಸುತ್ತೇವೆ. ನಮ್ಮ ಹಿಯೋಸ್ ಇಟಲಿಯವರ ಬಾಯಲ್ಲಿ ಶಿಯೋ; ತುರ್ಕರು ಆ ಅಂಟಿನ ಹೆಸರಿಂದಲೇ ಸಕೀಝ್ ಅನ್ನುತ್ತಾರೆ."

"ಇದು ನಿಮ್ಮೂರ ಮರ ಅಲ್ಲವಲ್ಲ?"

"ಅಲ್ಲ. ನನಗೆ ಗೊತ್ತು, ಆದರೆ ಕೈ ಕೇಳಬೇಕಲ್ಲ, ಸ್ವಾಮಿ."

ಕಡಲ ಕಡೆಯಿಂದ ಹಡಗಿನ ಕಹಳೆ ಕೇಳಿತು. ಅದೂ ಇಸಿದೋರನ ಒಳಸಂಚೇ ಇರಬೇಕು ಅನ್ನಿಸಿತು ಅಪ್ರಮೇಯನಿಗೆ.

ಗುರುಗಳು ತಾವೇ ಕಬ್ಬಿಣದ ಲೇಖನಿ ಹಿಡಿದು ಓಲೆಯ ಮೇಲೆ ಒಂದೇ ಸಾಲು ಗೀಚಿದರು, ಮುದ್ರೆ ಒತ್ತಿ ಕೊಟ್ಟರು. ಇಸಿದೋರ ಅವರ ಕಾಲಿಗೆರಗಿ ದಡದತ್ತ ಓಡಿದ.

ಅಪ್ರಮೇಯ ಇಣುಕಿ ಓದಿಬಿಟ್ಟಿದ್ದ: 'ಇವನು ಮನೆಗೆ ಹೊರಟವನು. ಇವನಿಗೆ ನಾನು ಹೊಣೆ.'

"ಗುರುಗಳೇ, ಊರಿನ ಹೆಸರೇ ಬರೆಯಲಿಲ್ಲ!"

"ಹೋಗುವವನಿಗೆ ಗೊತ್ತಿದೆ ಕಣಯ್ಯ. ಹೆಸರು ಬೇಕಾಗಿದ್ದದ್ದು ತಡೆಯುವವನಿಗೆ."